ಐಎಲ್-5 ಕೊಟ್ಟರೂ ಇಯೊಸಿನೊಫಿಲ್ ಗ್ರಾನ್ಯೂಲ್ ಬಿಡುತ್ತಿಲ್ಲ: ಸಂಕೇತ ಎಲ್ಲಿ ನಿಲ್ಲುತ್ತದೆ?

ಪ್ರಶ್ನೆ: ಕೆಂಪುಗ್ರಾನ್ಯೂಲ್

ಆರೋಗ್ಯವಂತ ದಾನಿಗಳ ರಕ್ತದಿಂದ ಸಿಡಿ16 ನೆಗೆಟಿವ್ ಸೆಲೆಕ್ಷನ್ ಮಾಡಿ (ಸಿಡಿ16 ಇರುವ ನ್ಯೂಟ್ರೊಫಿಲ್‌ಗಳನ್ನು ಬೀಡ್‌ಗಳಿಂದ ಹಿಡಿದು ಬಿಟ್ಟು) ತೆಗೆದ ಇಯೊಸಿನೊಫಿಲ್‌ಗಳ (ಅಲರ್ಜಿಯಲ್ಲಿ ಪಾತ್ರವಿರುವ ಬಿಳಿ ರಕ್ತಕಣ) ಬಗ್ಗೆ ಈ ಪ್ರಶ್ನೆ. ಶುದ್ಧತೆ ಶೇ. 98, ಟ್ರಿಪ್ಯಾನ್ ಬ್ಲೂ ಲೆಕ್ಕದಲ್ಲಿ ಜೀವಂತ ಕೋಶಗಳು ಶೇ. 97.

ಐಎಲ್-5 (ಇಂಟರ್‌ಲ್ಯೂಕಿನ್-5, ಕೋಶಗಳ ನಡುವೆ ಸಂಕೇತ ಒಯ್ಯುವ ಪ್ರೋಟೀನ್, ಅಂದರೆ ಸೈಟೊಕೈನ್) ಮಿಲಿಲೀಟರ್‌ಗೆ 10 ನ್ಯಾನೊಗ್ರಾಂ ಕೊಟ್ಟಾಗ 15 ನಿಮಿಷಕ್ಕೆ ಫಾಸ್ಫೊ-ಸ್ಟ್ಯಾಟ್5 (ಸಂಕೇತ ಕೋಶದೊಳಗೆ ತಲುಪಿದ ಗುರುತು) ಬಹುತೇಕ ಎಲ್ಲ ಕೋಶಗಳಲ್ಲೂ ಏರುತ್ತದೆ. ರಾತ್ರಿಯಿಡೀ ಸೀರಮ್ ಇರುವ ಮಾಧ್ಯಮದಲ್ಲಿ ಇಟ್ಟರೆ ಸಕ್ರಿಯತೆಯ ಮೇಲ್ಮೈ ಗುರುತಾದ ಸಿಡಿ69 ಕೂಡ ಚೆನ್ನಾಗಿ ಏರುತ್ತದೆ. ಅಂದರೆ ರಿಸೆಪ್ಟರ್ ಕೆಲಸ ಮಾಡುತ್ತಿದೆ, ಸೈಟೊಕೈನ್ ಕೆಟ್ಟಿಲ್ಲ. ಆದರೆ ಗ್ರಾನ್ಯೂಲ್ (ಕೋಶದೊಳಗಿನ ಪ್ರೋಟೀನ್ ಚೀಲ) ಪ್ರೋಟೀನ್ ಇಡಿಎನ್ ಅನ್ನು ಎಲೈಜಾದಲ್ಲಿ (ಆ್ಯಂಟಿಬಾಡಿಯಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ನೋಡಿದರೆ 1 ಗಂಟೆಗೆ ಏನೂ ಇಲ್ಲ, 4 ಗಂಟೆಗೆ ಕಂಟ್ರೋಲ್‌ಗಿಂತ ಕೂದಲೆಳೆಯಷ್ಟು ಹೆಚ್ಚು. ಇಯೊಸಿನೊಫಿಲ್‌ಗಳನ್ನು ಸೆಳೆಯುವ ಇಯೊಟ್ಯಾಕ್ಸಿನ್-1 ಒಂದನ್ನೇ 10 ನ್ಯಾನೊಗ್ರಾಂ ಕೊಟ್ಟರೂ ಅಷ್ಟೇ.

ಬಿಡುಗಡೆ ಪರೀಕ್ಷೆಯ ವಿವರ: 96 ವೆಲ್‌ನ ಕಡಿಮೆ ಅಂಟುವ ಪ್ಲೇಟ್, ಆಲ್ಬುಮಿನ್‌ನಿಂದ ಬ್ಲಾಕ್ ಮಾಡಿದ್ದು. ಕಾಲಂ ಬಫರ್‌ನಲ್ಲಿರುವ (ಬೇರ್ಪಡಿಸುವಾಗ ಬಳಸಿದ ದ್ರವ) ಕೋಶಗಳು 50 ಮೈಕ್ರೊಲೀಟರ್, ಅದರ ಮೇಲೆ ಸೀರಮ್ ಇಲ್ಲದ ಆರ್‌ಪಿಎಂಐ ಮಾಧ್ಯಮ 150 ಮೈಕ್ರೊಲೀಟರ್. ವೆಲ್‌ಗೆ 50,000 ಕೋಶ.

ಪಠ್ಯಗಳೆಲ್ಲ “ಐಎಲ್-5 ಇಯೊಸಿನೊಫಿಲ್ ಅನ್ನು ಸಕ್ರಿಯಗೊಳಿಸುತ್ತದೆ” ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಹಾಗಾದರೆ ಸ್ಟ್ಯಾಟ್5 ಇಷ್ಟು ಚೆನ್ನಾಗಿ ಬಂದ ಮೇಲೂ ಗ್ರಾನ್ಯೂಲ್ ಏಕೆ ಹೊರಬರುತ್ತಿಲ್ಲ? ಕೊರತೆ ಸಂಕೇತದಲ್ಲೋ, ಪರೀಕ್ಷೆಯಲ್ಲೋ?

ಉತ್ತರ: ಬೀಟಾಸರಪಳಿ

ಎರಡರಲ್ಲೂ ಇದೆ. ಪರೀಕ್ಷೆಯ ಭಾಗ ಬೇರೆಯವರಿಗೆ ಬಿಟ್ಟು ಸಂಕೇತದ ಭಾಗ ಬರೆಯುತ್ತೇನೆ.

“ಸಕ್ರಿಯ” ಎಂಬ ಒಂದೇ ಪದದಡಿ ನಾಲ್ಕು ಬೇರೆ ಕೆಲಸಗಳನ್ನು ತುರುಕಿದ್ದಾರೆ: ಬದುಕುಳಿಯುವುದು, ಸಿದ್ಧವಾಗುವುದು (ಪ್ರೈಮಿಂಗ್), ಚಲಿಸಿ ಅಂಟುವುದು, ಒಳಗಿನದನ್ನು ಹೊರಹಾಕುವುದು. ಐಎಲ್-5 ಮೊದಲ ಎರಡನ್ನು ತಾನೇ ಪೂರ್ತಿ ಮಾಡುತ್ತದೆ, ಮೂರನೆಯದಕ್ಕೆ ನೆರವಾಗುತ್ತದೆ, ನಾಲ್ಕನೆಯದನ್ನು ಒಂಟಿಯಾಗಿ ಮಾಡುವುದು ಅಪರೂಪ. ಒಲೆಗೆ ಸೌದೆ ಜೋಡಿಸುವ ಕೆಲಸ ಅದರದು, ಕಡ್ಡಿ ಗೀರುವವರು ಬೇರೆ.

ಕಾರಣ ರಿಸೆಪ್ಟರ್‌ನ ರಚನೆಯಲ್ಲೇ ಇದೆ. ಐಎಲ್-5 ಮೊದಲು ಆಲ್ಫಾ ಸರಪಳಿಯನ್ನು (ಸಿಡಿ125) ಹಿಡಿಯುತ್ತದೆ. ಸಂಕೇತ ಸಾಗಿಸುವುದು ಮುಖ್ಯವಾಗಿ ಬೀಟಾ ಸರಪಳಿ (ಸಿಡಿ131). ಐಎಲ್-3 ಮತ್ತು ಜಿಎಂ-ಸಿಎಸ್‌ಎಫ್ ಎಂಬ ಸೈಟೊಕೈನ್‌ಗಳು ಬಳಸುವುದೂ ಇದನ್ನೇ. ಎರಡು ಸರಪಳಿಗಳು ಹತ್ತಿರ ಬಂದಾಗ ಜಾಕ್2 ಎಂಬ ಕಿಣ್ವ ಎಚ್ಚೆತ್ತು ಬೀಟಾ ಸರಪಳಿಯ ಟೈರೋಸಿನ್‌ಗಳಿಗೆ ಫಾಸ್ಫೇಟ್ ಸೇರಿಸುತ್ತದೆ. ಅಲ್ಲಿಂದ ಮೂರು ದಾರಿ. ಸ್ಟ್ಯಾಟ್5 ನ್ಯೂಕ್ಲಿಯಸ್‌ಗೆ ಹೋಗಿ ಬಿಸಿಎಲ್-ಎಕ್ಸ್‌ಎಲ್ ಥರದ ಸಾವು ತಡೆಯುವ ಜೀನ್‌ಗಳನ್ನು ಓಡಿಸುತ್ತದೆ. ರಾಸ್-ರಾಫ್-ಮೆಕ್-ಅರ್ಕ್ ದಾರಿ ಫಾಸ್ಫೊಲೈಪೇಸ್ ಎ2 ಅನ್ನು ಸಜ್ಜುಗೊಳಿಸುತ್ತದೆ, ಮುಂದೆ ಉರಿಯೂತದ ಅಣುವಾದ ಲ್ಯೂಕೊಟ್ರೈಈನ್ ಸಿ4 ತಯಾರಾಗುವುದು ಇದರಿಂದ. ಪಿಐ3 ಕೈನೇಸ್ ದಾರಿ ಇಂಟೆಗ್ರಿನ್‌ಗಳ (ಕೋಶ ಅಂಟಲು ಬಳಸುವ ಮೇಲ್ಮೈ ಪ್ರೋಟೀನ್) ಹಿಡಿತ ಬಿಗಿ ಮಾಡುತ್ತದೆ. ಲಿನ್ ಕೈನೇಸ್ ಕೂಡ ಆರಂಭದಲ್ಲೇ ಸೇರಿಕೊಳ್ಳುತ್ತದೆ, ಅದರ ಪಾಲು ಬದುಕುಳಿಯುವ ಕಡೆಗೆ ಹೆಚ್ಚು.

ಈ ಮೂರರಲ್ಲಿ ಯಾವುದೂ ತಾನಾಗಿ ಕೋಶದೊಳಗಿನ ಕ್ಯಾಲ್ಸಿಯಂ ಅನ್ನು ಥಟ್ಟನೆ ಏರಿಸುವುದಿಲ್ಲ. ಫ್ಲೂವೊ-4 (ಕ್ಯಾಲ್ಸಿಯಂ ಏರಿದರೆ ಹೊಳೆಯುವ ಬಣ್ಣ) ತುಂಬಿದ ಕೋಶಕ್ಕೆ ಐಎಲ್-5 ಮಾತ್ರ ಹಾಕಿ ನೋಡಿ, ಗೆರೆ ಚಪ್ಪಟೆಯಾಗೇ ಇರುತ್ತದೆ. ಗ್ರಾನ್ಯೂಲ್‌ನ ಪೊರೆ ಕೋಶದ ಪೊರೆಗೆ ಬೆಸೆಯಬೇಕಾದರೆ ಕ್ಯಾಲ್ಸಿಯಂ ಬೇಕು, ಕೋಶದ ಒಳಚೌಕಟ್ಟಾದ ಆ್ಯಕ್ಟಿನ್ ಜಾಲ ಸರಿಯಬೇಕು. ಅದನ್ನು ಕೊಡುವುದು ಬೇರೆ ರಿಸೆಪ್ಟರ್‌ಗಳು: ಇಯೊಟ್ಯಾಕ್ಸಿನ್‌ಗೆ ಸಿಸಿಆರ್3, ಪಿಎಎಫ್ (ಪ್ಲೇಟ್‌ಲೆಟ್ ಸಕ್ರಿಯಗೊಳಿಸುವ ಅಂಶ) ರಿಸೆಪ್ಟರ್, ಸಿ5ಎ (ಕಾಂಪ್ಲಿಮೆಂಟ್ ಪ್ರೋಟೀನ್‌ನ ತುಣುಕು) ರಿಸೆಪ್ಟರ್. ಇವು ಜಿ ಪ್ರೋಟೀನ್ ಮೂಲಕ ಫಾಸ್ಫೊಲೈಪೇಸ್ ಸಿ ಎಚ್ಚರಿಸಿ, ಕೆಲವೇ ಸೆಕೆಂಡುಗಳಲ್ಲಿ ಕ್ಯಾಲ್ಸಿಯಂ ಬಿಡಿಸುತ್ತವೆ. ಸಿಸಿಆರ್3 ಜೋಡಿಯಾಗಿರುವುದು ಜಿಐ ಜೊತೆ, ಹಾಗಾಗಿ ಪರ್ಟಸಿಸ್ ಟಾಕ್ಸಿನ್ ಹಾಕಿದರೆ ಆ ದಾರಿ ಮುಚ್ಚುತ್ತದೆ. ಒಳ್ಳೆಯ ಕಂಟ್ರೋಲ್ ಅದು.

ಇಯೊಟ್ಯಾಕ್ಸಿನ್ ಒಂದನ್ನೇ ಕೊಟ್ಟಾಗ ಏಕಿಲ್ಲ? ಅದು ಮುಖ್ಯವಾಗಿ ದಾರಿ ತೋರಿಸುವ ಸಂಕೇತ, ಬಿಡುಗಡೆಗೆ ದುರ್ಬಲ. ಜೊತೆಗೆ ನಿಮ್ಮ ಪ್ರಮಾಣವೂ ಕಡಿಮೆ. ಇಯೊಟ್ಯಾಕ್ಸಿನ್-1 ಸುಮಾರು 8.4 ಕಿಲೋಡಾಲ್ಟನ್, ಹಾಗಾಗಿ 10 ನ್ಯಾನೊಗ್ರಾಂ ಅಂದರೆ 1.2 ನ್ಯಾನೊಮೋಲಾರ್. 10 ನ್ಯಾನೊಮೋಲಾರ್ ಬೇಕಾದರೆ ಮಿಲಿಲೀಟರ್‌ಗೆ 84 ನ್ಯಾನೊಗ್ರಾಂ ಹಾಕಬೇಕು. ಐಎಲ್-5 ಜೋಡಿ ಅಣು ಸುಮಾರು 26 ಕಿಲೋಡಾಲ್ಟನ್. ನಿಮ್ಮ 10 ನ್ಯಾನೊಗ್ರಾಂ ಅಲ್ಲಿ 0.4 ನ್ಯಾನೊಮೋಲಾರ್ ಆಗುತ್ತದೆ. ಅದು ಸಾಕು, ಇನ್ನೂ ಏರಿಸಿ ಪ್ರಯೋಜನವಿಲ್ಲ.

ಈ ಗೊಂದಲದ ಬೇರು ಮಾಸ್ಟ್ ಕೋಶದ ಚಿತ್ರ ಎಂದು ನನ್ನ ಅಂದಾಜು. ಅಲ್ಲಿ ಒಂದೇ ಗುಂಡಿ ಸಾಕು. ಅಲರ್ಜನ್ ಬಂದು ಐಜಿಇಗಳನ್ನು (ಅಲರ್ಜಿಯ ಆ್ಯಂಟಿಬಾಡಿ) ಜೋಡಿಸಿದರೆ ಲಿನ್, ಸಿಕ್, ಲ್ಯಾಟ್, ಫಾಸ್ಫೊಲೈಪೇಸ್ ಸಿ-ಗ್ಯಾಮಾ, ಕ್ಯಾಲ್ಸಿಯಂ ಎಂದು ಸರಸರ ಸಾಗಿ ನಿಮಿಷಗಳಲ್ಲಿ ಹಿಸ್ಟಮಿನ್ ಹೊರಗೆ. ಚರ್ಮದ ಪರೀಕ್ಷೆಯನ್ನು 15–20 ನಿಮಿಷಕ್ಕೆ ಓದುವುದು ಅದಕ್ಕೇ. ಇಯೊಸಿನೊಫಿಲ್ ಮುಂದೆ ಬರುವುದು ಗಂಟೆಗಳ ನಂತರದ ತಡ ಹಂತದಲ್ಲಿ. ಮಾನವ ಇಯೊಸಿನೊಫಿಲ್‌ನ ಮೇಲ್ಮೈಯಲ್ಲಿ ಆ ಐಜಿಇ ರಿಸೆಪ್ಟರ್ ಇರುವುದೇ ನಗಣ್ಯ. ಐಜಿಇ ಹಾಕಿ ಅಡ್ಡಜೋಡಣೆ ಮಾಡಿ ನೋಡೋಣ ಅನ್ನುವ ಯೋಚನೆ ಇದ್ದರೆ ಈಗಲೇ ಬಿಡಿ.

ಕಾಲದ ಲೆಕ್ಕ ಗೋಡೆಗೆ ಅಂಟಿಸಿಕೊಳ್ಳಲು ಲಾಯಕ್ಕು: ಕ್ಯಾಲ್ಸಿಯಂ 10–30 ಸೆಕೆಂಡ್, ಆಕಾರ ಬದಲಾವಣೆ 1–5 ನಿಮಿಷ, ಫಾಸ್ಫೊ-ಅರ್ಕ್ ಸುಮಾರು 5 ನಿಮಿಷ, ಫಾಸ್ಫೊ-ಸ್ಟ್ಯಾಟ್5 ಸುಮಾರು 15, ಸಿಡಿ11ಬಿ ಏರುವುದು ಮತ್ತು ಸಿಡಿ62ಎಲ್ ಉದುರುವುದು 15–60 ನಿಮಿಷ, ಸಿಡಿ69ಕ್ಕೆ ಗಂಟೆಗಟ್ಟಲೆ. ಒಂದೇ ಸಮಯದಲ್ಲಿ ಎಲ್ಲವನ್ನೂ ಅಳೆದು “ಇದು ಬಂತು, ಅದು ಬರಲಿಲ್ಲ” ಎಂದರೆ ಹೇಳುತ್ತಿರುವುದು ಗಡಿಯಾರದ ಬಗ್ಗೆ, ಕೋಶದ ಬಗ್ಗೆ ಅಲ್ಲ.

ಉತ್ತರ: ಅಂಟುಮೇಲ್ಮೈ

ಮೇಲಿನ ಉತ್ತರದಲ್ಲಿ ಒಂದು ಮಾತಿಗೆ ತಕರಾರು. ಐಎಲ್-5 ಅಥವಾ ಜಿಎಂ-ಸಿಎಸ್‌ಎಫ್ ಒಂಟಿಯಾಗಿ ಗ್ರಾನ್ಯೂಲ್ ಬಿಡಿಸುವುದು ಅಷ್ಟೇನೂ ಅಪರೂಪವಲ್ಲ. ಕೋಶ ಏನನ್ನಾದರೂ ಹಿಡಿದು ಅಂಟಿಕೊಂಡಿರಬೇಕು, ಸಮಯ 3–4 ಗಂಟೆ ಸಿಗಬೇಕು, ಅಷ್ಟೇ. ಸಿಡಿ11ಬಿ/ಸಿಡಿ18 ಇಂಟೆಗ್ರಿನ್‌ಗೆ ತಡೆ ಆ್ಯಂಟಿಬಾಡಿ ಹಾಕಿದರೆ ಆ ಬಿಡುಗಡೆ ನಿಂತುಹೋಗುತ್ತದೆ. ಅಂದರೆ ಎರಡನೇ ಸಂಕೇತ ಯಾವಾಗಲೂ ಕರಗಿದ ಅಣುವೇ ಆಗಬೇಕಿಲ್ಲ, ಮೇಲ್ಮೈಯೇ ಸಂಕೇತ. ಅಂಗಾಂಶದಲ್ಲಿ ಇಯೊಸಿನೊಫಿಲ್ ತೇಲುತ್ತ ಇರುವುದಿಲ್ಲವಲ್ಲ. ಕಡಿಮೆ ಅಂಟುವ ಪ್ಲೇಟ್ ತಂದು ಅದರ ಮೇಲೆ ಬ್ಲಾಕ್ ಕೂಡ ಮಾಡಿದಾಗ ಈ ದಾರಿ ಪೂರ್ತಿ ಮುಚ್ಚಿದಂತೆ.

ಆದರೆ ನಿಮ್ಮ ವಿವರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕಾಲಂ ಬಫರ್. ಸಾಮಾನ್ಯವಾಗಿ ಅದರಲ್ಲಿ 2 ಮಿಲಿಮೋಲಾರ್ ಇಡಿಟಿಎ ಇರುತ್ತದೆ. 50 ಮೈಕ್ರೊಲೀಟರ್ ಅನ್ನು 200ಕ್ಕೆ ತಂದಾಗ ಇಡಿಟಿಎ 0.5 ಮಿಲಿಮೋಲಾರ್. ಆರ್‌ಪಿಎಂಐನಲ್ಲಿ ಕ್ಯಾಲ್ಸಿಯಂ ಇರುವುದೇ 0.42, 150/200 ಲೆಕ್ಕದಲ್ಲಿ ನಿಮ್ಮ ವೆಲ್‌ನಲ್ಲಿ 0.32. ಇಡಿಟಿಎ ಅಷ್ಟನ್ನೂ ಕಟ್ಟಿಹಾಕಿ, ಉಳಿದದ್ದರಿಂದ ಮೆಗ್ನೀಸಿಯಂಗೂ ಕೈ ಹಾಕುತ್ತದೆ. ಇಂಟೆಗ್ರಿನ್‌ಗಳಿಗೆ ಈ ಎರಡೂ ಅಯಾನು ಬೇಕು. ಜಾಕ್-ಸ್ಟ್ಯಾಟ್ ದಾರಿಗೆ ಹೊರಗಿನ ಕ್ಯಾಲ್ಸಿಯಂ ಬೇಕಿಲ್ಲ, ಅದಕ್ಕೇ ಫಾಸ್ಫೊ-ಸ್ಟ್ಯಾಟ್5 ನಗುನಗುತ್ತ ಬರುತ್ತದೆ. ನಿಮ್ಮ ಫಲಿತಾಂಶದ ಅರ್ಧಕ್ಕಿಂತ ಹೆಚ್ಚು ಇಲ್ಲೇ ಇದೆ ಎನ್ನುವುದು ನನ್ನ ಅಭಿಪ್ರಾಯ.

ಸರಿಪಡಿಸಲು ಕ್ಯಾಲ್ಸಿಯಂ ಕ್ಲೋರೈಡ್ ಸುರಿಯಬೇಡಿ; ಪಿಬಿಎಸ್‌ನಂಥ ಫಾಸ್ಫೇಟ್ ಬಫರ್‌ನಲ್ಲಿ ಅದು ಬಿಳಿ ಪುಡಿಯಾಗಿ ಕೂರಬಹುದು. ತೊಳೆಯಿರಿ. 50 ಮೈಕ್ರೊಲೀಟರ್ ಶೇಷಕ್ಕೆ 10 ಮಿಲಿಲೀಟರ್ ಬಫರ್ ಹಾಕಿ ಒಮ್ಮೆ ತಿರುಗಿಸಿದರೆ ಇಡಿಟಿಎ 10 ಮೈಕ್ರೊಮೋಲಾರ್‌ಗೆ ಇಳಿಯುತ್ತದೆ, ಇನ್ನೊಮ್ಮೆ ಮಾಡಿದರೆ ಲೆಕ್ಕಕ್ಕೇ ಇಲ್ಲ. ಬೇರ್ಪಡಿಸುವಷ್ಟು ಹೊತ್ತು ಕ್ಯಾಲ್ಸಿಯಂ ಇಲ್ಲದೆ, 4 ಡಿಗ್ರಿಯಲ್ಲಿ. ಪರೀಕ್ಷೆ ಶುರುವಾಗುವ ಹೊತ್ತಿಗೆ 37 ಡಿಗ್ರಿ, 1 ಮಿಲಿಮೋಲಾರ್ ಕ್ಯಾಲ್ಸಿಯಂ. ಈ ಕ್ರಮ ತಿರುವುಮುರುವಾದರೆ ಕೋಶಗಳು ಟ್ಯೂಬಿನಲ್ಲೇ ಗಂಟುಕಟ್ಟಿ, ಪ್ಲೇಟ್ ತಲುಪುವ ಮೊದಲೇ ಪ್ರೈಮ್ ಆಗಿರುತ್ತವೆ.

ಹೀಗೆ ಮಾಡಿ ನೋಡಿ. ಚಪ್ಪಟೆ ತಳದ ಸಾಮಾನ್ಯ ಟಿಶ್ಯೂ ಕಲ್ಚರ್ ಪ್ಲೇಟ್ ತೆಗೆದುಕೊಳ್ಳಿ. ಒಂದು ಸಾಲಿನ ವೆಲ್‌ಗಳಿಗೆ ಶೇ. 2.5 ಮಾನವ ಸೀರಮ್ ಆಲ್ಬುಮಿನ್, 37 ಡಿಗ್ರಿಯಲ್ಲಿ 2 ಗಂಟೆ. ಇನ್ನೊಂದು ಸಾಲಿಗೆ ಸೆಕ್ರಿಟರಿ ಐಜಿಎ (ಲೋಳೆಪೊರೆಯ ಆ್ಯಂಟಿಬಾಡಿ), ಮಿಲಿಲೀಟರ್‌ಗೆ 50 ಮೈಕ್ರೊಗ್ರಾಂನಿಂದ ಶುರುಮಾಡಿ, ರಾತ್ರಿಯಿಡೀ 4 ಡಿಗ್ರಿ. ಬಿಡುಗಡೆಗೆ ಗೊತ್ತಿರುವ ಅತ್ಯಂತ ಬಲವಾದ ಸಹಜ ಪ್ರಚೋದಕಗಳಲ್ಲಿ ಮೇಲ್ಮೈಗೆ ಕಟ್ಟಿದ ಸೆಕ್ರಿಟರಿ ಐಜಿಎ ಒಂದು. ಅದನ್ನೇ ಕರಗಿದ ರೂಪದಲ್ಲಿ ಕೊಟ್ಟರೆ ಆ ಬಲ ಬರುವುದಿಲ್ಲ. ಮೂರನೆಯದು ಏನೂ ಹಚ್ಚದ ಸಾಲು. ಪ್ರತಿ ಸಾಲಿನಲ್ಲೂ ಐಎಲ್-5 ಇದ್ದದ್ದು, ಇಲ್ಲದ್ದು. 37 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್, 4 ಗಂಟೆ. ಆಮೇಲೆ ಪ್ಲೇಟ್ ಅನ್ನು 4 ಡಿಗ್ರಿಯಲ್ಲಿ 300–400 ಜಿಗೆ ತಿರುಗಿಸಿ, ಮೇಲಿನ ದ್ರವವನ್ನು ತಳ ಕೆದಕದೆ ತೆಗೆಯಿರಿ.

“ಒಟ್ಟು” ಅಳತೆಗೆ ಒಂದು ವೆಲ್ ಪೂರ್ತಿ ಶೇ. 0.5 ಎನ್‌ಪಿ-40 ಡಿಟರ್ಜೆಂಟ್ ಹಾಕಿ ಒಡೆಯಿರಿ. ಫಲಿತಾಂಶವನ್ನು ಯಾವಾಗಲೂ ಒಟ್ಟಿನ ಶೇಕಡಾವಾರಿನಲ್ಲಿ ಕೊಡಿ, ದಾನಿಯಿಂದ ದಾನಿಗೆ ನ್ಯಾನೊಗ್ರಾಂ ಹೋಲಿಸಿದರೆ ಅರ್ಥವಿಲ್ಲ. ಒಂದು ಕೋಶದಲ್ಲಿ ಇಡಿಎನ್ ಸುಮಾರು 10 ಪಿಕೊಗ್ರಾಂ ಎಂದುಕೊಂಡರೆ 50,000 ಕೋಶಗಳಲ್ಲಿ 500 ನ್ಯಾನೊಗ್ರಾಂ, 200 ಮೈಕ್ರೊಲೀಟರ್‌ಗೆ ಅದು ಮಿಲಿಲೀಟರ್‌ಗೆ 2,500 ನ್ಯಾನೊಗ್ರಾಂ. ಶೇ. 10 ಹೊರಬಂದರೂ 250. ಎಲೈಜಾದ ಗೆರೆ ಇದಕ್ಕಿಂತ ಬಹಳ ಕೆಳಗೇ ಚಪ್ಪಟೆಯಾಗಿರುತ್ತದೆ. ತೆಳುಗೊಳಿಸದೆ ಓದಿದರೆ ಕಂಟ್ರೋಲ್, ಪ್ರಚೋದಿತ ಎರಡೂ ಮೇಲಂಚಿಗೆ ಬಡಿದು “ವ್ಯತ್ಯಾಸವಿಲ್ಲ” ಎಂದೇ ಕಾಣುತ್ತದೆ. 20, 100, 500 ಪಟ್ಟು ಮೂರೂ ಓಡಿಸಿ.

ಇಡಿಎನ್ ಆರಿಸಿಕೊಂಡದ್ದು ಒಳ್ಳೆಯದಾಯಿತು. ಇತರ ಗ್ರಾನ್ಯೂಲ್ ಪ್ರೋಟೀನ್‌ಗಳಾದ ಎಂಬಿಪಿ, ಇಸಿಪಿ ಎರಡೂ ಅದಕ್ಕಿಂತ ಹೆಚ್ಚು ಧನಾವೇಶದವು. ಪ್ಲಾಸ್ಟಿಕ್‌ಗೆ ಅಂಟಿ ಮಾಯವಾಗುತ್ತವೆ.

ಕೆಂಪುಗ್ರಾನ್ಯೂಲ್

ಇಬ್ಬರಿಗೂ ಧನ್ಯವಾದ. ಇಡಿಟಿಎ ಲೆಕ್ಕ ಸ್ಪಷ್ಟವಾಯಿತು. ಇನ್ನೆರಡು ಅನುಮಾನ. ಪಿಎಎಫ್ 5 ಮೈಕ್ರೊಮೋಲಾರ್ ಕೊಟ್ಟಾಗ ಇಡಿಎನ್ ಚೆನ್ನಾಗಿ ಏರುತ್ತದೆ, ಆದರೆ ಎಲ್‌ಡಿಎಚ್ ಕೂಡ ಜೊತೆಗೇ ಏರುತ್ತದೆ. ಇದನ್ನು ಬಿಡುಗಡೆ ಎನ್ನಬಹುದೇ? ಮತ್ತೆ, ಐಎಲ್-5 ಕೊಟ್ಟ ಕೆಲವು ಗಂಟೆಗಳಲ್ಲಿ ಸಿಡಿ125 ಬಣ್ಣ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕೋಶ ಕೆಡುತ್ತಿದೆಯೋ, ಬಣ್ಣ ಹಾಕುವುದು ಕೆಟ್ಟಿದೆಯೋ?

ಉತ್ತರ: ಹಸಿರುಹೊಳಪು

ಪಿಎಎಫ್ ವಿಷಯ ಮೊದಲು. ಎಲ್‌ಡಿಎಚ್ ಕೋಶದ್ರವದ ಕಿಣ್ವ, ಗ್ರಾನ್ಯೂಲ್‌ನಲ್ಲಿ ಇಲ್ಲ. ಅದು ಹೊರಬಂತು ಎಂದರೆ ಪೊರೆ ಹರಿದಿದೆ. ಪಿಎಎಫ್ ಕೊಬ್ಬಿನ ಅಣು, ಮೈಕ್ರೊಮೋಲಾರ್ ಮಟ್ಟ ದಾಟಿದಂತೆ ರಿಸೆಪ್ಟರ್‌ನ ಹಂಗಿಲ್ಲದೆ ನೇರವಾಗಿ ಪೊರೆಯನ್ನೇ ಕೆಡಿಸಬಲ್ಲದು. 1 ಮೈಕ್ರೊಮೋಲಾರ್‌ಗೆ ಇಳಿಸಿ. ಕೊಬ್ಬಿನಾಮ್ಲ ತೆಗೆದ ಆಲ್ಬುಮಿನ್ ಶೇ. 0.1ರಿಂದ 0.25 ಇರುವ ಬಫರ್‌ನಲ್ಲೇ ತೆಳುಗೊಳಿಸಿ, ಇಲ್ಲವಾದರೆ ಟ್ಯೂಬಿನ ಗೋಡೆಗೆ ಹತ್ತಿ ಪ್ರತಿ ಬಾರಿ ಬೇರೆ ಪ್ರಮಾಣ ಕೊಟ್ಟಂತಾಗುತ್ತದೆ. ಐಎಲ್-5 ಅನ್ನು 10–15 ನಿಮಿಷ ಮೊದಲೇ ಕೊಟ್ಟು ಆಮೇಲೆ ಪಿಎಎಫ್ ಹಾಕಿ; ಪ್ರೈಮಿಂಗ್ ಎಂದರೇನು ಎಂದು ಒಂದೇ ಗ್ರಾಫ್‌ನಲ್ಲಿ ಕಾಣುತ್ತದೆ. ಸಿ5ಎ ಬಳಸುವವರು ಸೈಟೊಕಲೇಸಿನ್ ಬಿ ಮಿಲಿಲೀಟರ್‌ಗೆ 5 ಮೈಕ್ರೊಗ್ರಾಂ ಜೊತೆಗಿಡುತ್ತಾರೆ. ಅದು ಆ್ಯಕ್ಟಿನ್ ತಡೆ ಸಡಿಲಿಸಿ ಬಿಡುಗಡೆ ಹೆಚ್ಚಿಸುತ್ತದೆ, ಪಾಸಿಟಿವ್ ಕಂಟ್ರೋಲ್‌ಗೆ ಸರಿ, ಶರೀರದಲ್ಲಿ ಹೀಗೇ ನಡೆಯುತ್ತದೆ ಎಂದು ಮಾತ್ರ ಬರೆಯಬೇಡಿ.

ಹಾಗೆಂದು ಎಲ್‌ಡಿಎಚ್ ಏರಿದ್ದೆಲ್ಲ ಕಸವಲ್ಲ. ಇಯೊಸಿನೊಫಿಲ್ ಸಾಯುತ್ತ ಡಿಎನ್‌ಎ ಜಾಲ ಎಸೆಯುವ ವಿಧಾನವೊಂದಿದೆ. ಆಗ ಕೋಶ ಒಡೆದು ಪೊರೆ ಸಹಿತವಾದ ಗ್ರಾನ್ಯೂಲ್‌ಗಳು ಹೊರಗೆ ಬೀಳುತ್ತವೆ, ಗ್ಯಾಲೆಕ್ಟಿನ್-10 ಹರಳುಗಟ್ಟಿ ಶಾರ್ಕೊ-ಲೈಡನ್ ಹರಳಾಗುತ್ತದೆ. ರೋಗಿಗಳ ಕಫದಲ್ಲಿ ಕಾಣುವ ಹರಳು ಅದೇ. ಡಿಎನ್‌ಎ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡದೆ ಎಲೈಜಾ ಅಂಕಿ ಒಂದರಿಂದ ಇದನ್ನೂ ನಿಜವಾದ ಬಿಡುಗಡೆಯನ್ನೂ ಬೇರ್ಪಡಿಸಲು ಆಗದು.

ಮೂರನೇ ಬಗೆ ಇನ್ನೂ ನವಿರು: ಸಣ್ಣ ಕೋಶಿಕೆಗಳಲ್ಲಿ ತುಂಬಿ ಸ್ವಲ್ಪಸ್ವಲ್ಪವೇ ಸಾಗಿಸುವುದು. ಅಲ್ಲಿ ಯಾವ ಪ್ರೋಟೀನ್ ಹೋಗಬೇಕೆಂಬ ಆಯ್ಕೆಯೂ ನಡೆಯುತ್ತದೆ. ಇಯೊಟ್ಯಾಕ್ಸಿನ್ ಕೊಟ್ಟಾಗ ಶೇಖರಿಸಿಟ್ಟ ಐಎಲ್-4 ಹೊರಬಂದು ಐಎಲ್-12 ಒಳಗೇ ಉಳಿಯಬಹುದು. ಹಾಗಾಗಿ “ಇಯೊಟ್ಯಾಕ್ಸಿನ್ ಏನೂ ಮಾಡಲಿಲ್ಲ” ಎನ್ನುವ ತೀರ್ಮಾನವನ್ನು ಇಡಿಎನ್ ಒಂದರಿಂದಲೇ ಮಾಡಬೇಡಿ.

ಸಿಡಿ125: ಎರಡೂ ಅಲ್ಲ. ಐಎಲ್-5 ಕಂಡ ಇಯೊಸಿನೊಫಿಲ್ ತನ್ನ ಆಲ್ಫಾ ಸರಪಳಿಯನ್ನು ಕಳಚಿಕೊಳ್ಳುತ್ತದೆ. ಮೆಟಲೊಪ್ರೋಟಿಯೇಸ್ ತಡೆ ಹಾಕಿದರೆ ಇಳಿತ ಕಡಿಮೆಯಾಗುವುದು ಕಾಣುತ್ತದೆ. ಅದೇ ಹೊತ್ತಿಗೆ ಐಎಲ್-3ರ ಆಲ್ಫಾ ಸರಪಳಿ ಏರುತ್ತದೆ. ಅಲರ್ಜನ್ ಕೊಟ್ಟ ಶ್ವಾಸನಾಳದಿಂದ ತೊಳೆದು ತೆಗೆದ ಇಯೊಸಿನೊಫಿಲ್‌ಗಳಲ್ಲೂ ಇದೇ ಚಿತ್ರ: ಸಿಡಿ125 ಕಡಿಮೆ, ಐಎಲ್-5ಕ್ಕೆ ಸ್ಪಂದನೆಯೂ ಕಡಿಮೆ.

ಇನ್ನು ಫ್ಲೋದಲ್ಲಿ (ಫ್ಲೋ ಸೈಟೊಮೆಟ್ರಿ, ಬಣ್ಣ ಹಾಕಿದ ಕೋಶಗಳನ್ನು ಒಂದೊಂದಾಗಿ ಅಳೆಯುವುದು) ಕಾಡುವವು. ಇಯೊಸಿನೊಫಿಲ್ ತಾನಾಗಿಯೇ ಹಸಿರು ಹೊಳೆಯುತ್ತದೆ. ಪೊರೆ ತೂತು ಮಾಡಿದ ಮೇಲೆ ಎಫ್‌ಐಟಿಸಿ ಎಂಬ ಹಸಿರು ಬಣ್ಣ ಗ್ರಾನ್ಯೂಲ್‌ನ ಧನಾವೇಶದ ಪ್ರೋಟೀನ್‌ಗಳಿಗೆ ಸುಮ್ಮಸುಮ್ಮನೆ ಅಂಟುತ್ತದೆ. ಫಾಸ್ಫೊ-ಸ್ಟ್ಯಾಟ್5ಕ್ಕೆ ಕೆಂಪಿನ ಕಡೆಯ ಬಣ್ಣ, ಅಲೆಕ್ಸಾ 647 ಥರದ್ದು, ಇಟ್ಟುಕೊಳ್ಳಿ. ಪ್ರಚೋದನೆ ನಿಲ್ಲಿಸಲು ಮಂಜುಗಡ್ಡೆಯ ಮೇಲಿಡುವುದು ಸಾಲದು. ಫಾರ್ಮಾಲ್ಡಿಹೈಡ್ ಅನ್ನು ನೇರ ಟ್ಯೂಬಿಗೇ ಹಾಕಿ, ಅಂತಿಮ ಶೇ. 1.5ರಿಂದ 2, 10 ನಿಮಿಷ, ಆಮೇಲೆ ತಣ್ಣಗಿನ ಶೇ. 90 ಮೆಥನಾಲ್ 30 ನಿಮಿಷ. ಪಿಇ, ಎಪಿಸಿಯಂಥ ಪ್ರೋಟೀನ್ ಬಣ್ಣಗಳನ್ನು ಮೆಥನಾಲ್‌ಗಿಂತ ಮೊದಲು ಹಾಕಿದರೆ ಅವು ಸತ್ತಂತೆಯೇ.

ಉತ್ತರ: ಶ್ವಾಸನಾಳ

ಪ್ಲೇಟಿನ ಹೊರಗೆ ಇದೆಲ್ಲ ಯಾವ ಕ್ರಮದಲ್ಲಿ ನಡೆಯುತ್ತದೆ ಎಂದು ಸೇರಿಸುತ್ತೇನೆ, ಏಕೆಂದರೆ ಔಷಧಗಳ ಫಲಿತಾಂಶ ಓದುವಾಗ ಇದೇ ವ್ಯತ್ಯಾಸ ಕೈ ಹಿಡಿಯುತ್ತದೆ.

ಅಲರ್ಜನ್‌ನ ಪ್ರೋಟಿಯೇಸ್, ವೈರಸ್ ಅಥವಾ ಹೊಗೆಯಿಂದ ಶ್ವಾಸನಾಳದ ಒಳಪದರ ಗಾಯಗೊಂಡಾಗ ಟಿಎಸ್‌ಎಲ್‌ಪಿ, ಐಎಲ್-33, ಐಎಲ್-25 ಎಂಬ ಸೈಟೊಕೈನ್‌ಗಳು ಹೊರಬರುತ್ತವೆ. ಅವು ರೋಗನಿರೋಧಕ ವ್ಯವಸ್ಥೆಯ ಐಎಲ್‌ಸಿ2 ಕೋಶಗಳನ್ನೂ ಟಿಎಚ್2 ಕೋಶಗಳನ್ನೂ ಎಬ್ಬಿಸುತ್ತವೆ. ಇವುಗಳಿಂದ ಹೊರಟ ಐಎಲ್-5 ಮೂಳೆಮಜ್ಜೆಗೆ ತಲುಪಿ ಇಯೊಸಿನೊಫಿಲ್‌ಗಳ ಪಕ್ವತೆ ಮತ್ತು ಹೊರನಡೆಯನ್ನು ಹೆಚ್ಚಿಸುತ್ತದೆ. ಐಎಲ್-4, ಐಎಲ್-13 ಬೇರೆ ಕೆಲಸ ಮಾಡುತ್ತವೆ. ಸ್ಟ್ಯಾಟ್6 ಮೂಲಕ ಒಳಪದರದಿಂದ ಇಯೊಟ್ಯಾಕ್ಸಿನ್‌ಗಳನ್ನು ಹೊರಡಿಸಿ, ರಕ್ತನಾಳದ ಗೋಡೆಯಲ್ಲಿ ವಿಕ್ಯಾಮ್-1 ಎಂಬ ಅಂಟು ಪ್ರೋಟೀನ್ ಏರಿಸುತ್ತವೆ. ಇಯೊಸಿನೊಫಿಲ್ ತನ್ನ ವಿಎಲ್‌ಎ-4 ಇಂಟೆಗ್ರಿನ್‌ನಿಂದ ಅದನ್ನು ಹಿಡಿದು ನಿಂತು, ಗೋಡೆ ದಾಟಿ, ಇಯೊಟ್ಯಾಕ್ಸಿನ್ ದಟ್ಟವಾಗುವ ಕಡೆಗೆ ನಡೆಯುತ್ತದೆ. ನ್ಯೂಟ್ರೊಫಿಲ್‌ನಲ್ಲಿ ವಿಎಲ್‌ಎ-4 ಅಷ್ಟಾಗಿ ಇಲ್ಲ. ಅಲರ್ಜಿಯ ಅಂಗಾಂಶದಲ್ಲಿ ಇಯೊಸಿನೊಫಿಲ್ ಆಯ್ದು ಸೇರುವುದಕ್ಕೆ ಅದೂ ಒಂದು ಕಾರಣ.

ಈಗ ಔಷಧ. ಅಮೆರಿಕದಲ್ಲಿ 2015ರಲ್ಲಿ ಅನುಮತಿ ಪಡೆದ ಮೆಪೊಲಿಜುಮ್ಯಾಬ್ ಎಂಬ ಆಸ್ತಮಾದ ಆ್ಯಂಟಿಬಾಡಿ ಔಷಧ ಐಎಲ್-5 ಅಣುವನ್ನೇ ಹಿಡಿಯುತ್ತದೆ. 2003ರಲ್ಲಿ ಪ್ರಕಟವಾದ ಬಯಾಪ್ಸಿ ಅಧ್ಯಯನದಲ್ಲಿ ರಕ್ತದ ಇಯೊಸಿನೊಫಿಲ್ ಬಹುತೇಕ ಪೂರ್ತಿ ಇಳಿದರೂ ಶ್ವಾಸನಾಳದಲ್ಲಿ ಇಳಿದದ್ದು ಶೇ. 55, ಮಜ್ಜೆಯಲ್ಲಿ ಶೇ. 52. ಒಳಗೆ ಸೇರಿಕೊಂಡವು ಆ ಹೊತ್ತಿಗೆ ಐಎಲ್-5 ಮೇಲಿನ ಅವಲಂಬನೆ ಕಡಿಮೆ ಮಾಡಿಕೊಂಡಿರುತ್ತವೆ, ಜಿಎಂ-ಸಿಎಸ್‌ಎಫ್, ಐಎಲ್-3, ಐಎಲ್-33 ಅವನ್ನು ಸಾಕುತ್ತವೆ. ಮೇಲೆ ಹೇಳಿದ ಸಿಡಿ125 ಇಳಿತ ಈ ಚಿತ್ರಕ್ಕೆ ಸರಿಯಾಗಿ ಕೂರುತ್ತದೆ.

2017ರ ಬೆನ್ರಾಲಿಜುಮ್ಯಾಬ್ ದಾರಿಯೇ ಬೇರೆ: ಅದು ಸಿಡಿ125 ಅನ್ನು ಹಿಡಿಯುತ್ತದೆ. ಅದರ ಬಾಲದಿಂದ ಫ್ಯೂಕೋಸ್ ಸಕ್ಕರೆ ತೆಗೆದಿರುವುದರಿಂದ ಎನ್‌ಕೆ ಕೋಶಗಳು ಬಿಗಿಯಾಗಿ ಅಂಟಿ ಇಯೊಸಿನೊಫಿಲ್ ಅನ್ನೇ ಕೊಲ್ಲುತ್ತವೆ. ಸಂಕೇತ ತಡೆಯುವುದು ಪಕ್ಕದ ಲಾಭ.

ಡ್ಯುಪಿಲುಮ್ಯಾಬ್ ತೆಗೆದುಕೊಂಡ ಕೆಲವರಲ್ಲಿ ರಕ್ತದ ಇಯೊಸಿನೊಫಿಲ್ ಆರಂಭದಲ್ಲಿ ಏರುತ್ತದೆ. ನೋಡಿದವರು ಗಾಬರಿಯಾಗುತ್ತಾರೆ. ಈ ಔಷಧ ಐಎಲ್-4 ರಿಸೆಪ್ಟರ್ ಆಲ್ಫಾ ಮುಚ್ಚಿದಾಗ ಇಯೊಟ್ಯಾಕ್ಸಿನ್, ವಿಕ್ಯಾಮ್-1 ಇಳಿಯುತ್ತವೆ, ಆದರೆ ಐಎಲ್-5 ಮಜ್ಜೆಯಿಂದ ಕಳಿಸುವುದನ್ನು ನಿಲ್ಲಿಸಿಲ್ಲ. ಹೊರಬಂದವು ಒಳಹೋಗಲಾರದೆ ರಕ್ತದಲ್ಲೇ ಉಳಿಯುತ್ತವೆ ಎನ್ನುವುದೇ ಸಾಮಾನ್ಯ ವಿವರಣೆ. ಬಹುತೇಕರಲ್ಲಿ ಇದು ತಾತ್ಕಾಲಿಕ. ಆದರೂ ಏರಿಕೆ ವಿಪರೀತವಾಗಿದ್ದರೆ, ಅಥವಾ ಜೊತೆಗೆ ಚರ್ಮದ ಗುಳ್ಳೆ, ನರದ ಜೋಮು, ಎದೆಯ ತೊಂದರೆ ಇದ್ದರೆ ವ್ಯಾಸ್ಕ್ಯುಲೈಟಿಸ್ (ರಕ್ತನಾಳದ ಉರಿಯೂತ) ಇಲ್ಲವೆಂದು ವೈದ್ಯರು ಖಚಿತಪಡಿಸಿಕೊಳ್ಳಬೇಕು. ಮೇಲಿನ ವಿವರಣೆ ಹೇಳಿ ಕೈಬಿಡುವಂತಿಲ್ಲ.

ಪ್ರಶ್ನೆ ಕೇಳಿದವರಿಗೆ ಒಂದು ಪ್ರಾಯೋಗಿಕ ಸೂಚನೆ. ದಾನಿ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರೆ ಆ ರಕ್ತ ಬೇಡ, ಎಣಿಕೆ ಗಂಟೆಗಳಲ್ಲೇ ಕುಸಿಯುತ್ತದೆ. ಕಾರ್ಟಿಸಾಲ್ ಜೊತೆ ಇಯೊಸಿನೊಫಿಲ್ ದಿನವಿಡೀ ಏರಿಳಿಯುವುದರಿಂದ ರಕ್ತ ತೆಗೆಯುವ ಸಮಯ ಒಂದೇ ಇರಲಿ. ಅಲರ್ಜಿ ಇರುವ ದಾನಿಯ ಕೋಶ ಶರೀರದಲ್ಲೇ ಪ್ರೈಮ್ ಆಗಿರುತ್ತದೆ. ಆರೋಗ್ಯವಂತರ ಜೊತೆ ಬೆರೆಸಿ ಸರಾಸರಿ ತೆಗೆಯಬೇಡಿ.

ಉತ್ತರ: ಬೀಟಾಸರಪಳಿ

ಅಂಟುಮೇಲ್ಮೈ ಅವರ ತಕರಾರು ಸರಿಯೇ, ಅಂಟಿದ ಕೋಶದ ವಿಷಯದಲ್ಲಿ ಒಪ್ಪುತ್ತೇನೆ. ನಾನು ಹೇಳಿದ್ದು ತೇಲುವ ಕೋಶಕ್ಕೆ.

ಇಲಿಯ ಇಯೊಸಿನೊಫಿಲ್‌ನಲ್ಲಿ ಇದನ್ನೇ ಮಾಡಲು ಹೊರಟವರಿಗೆ ಎಚ್ಚರಿಕೆ. ಅಲ್ಲಿ ಗುರುತು ಸಿಗ್ಲೆಕ್-ಎಫ್, ಮಾನವನಲ್ಲಿ ಸಿಗ್ಲೆಕ್-8. ಇಲಿಯ ಶ್ವಾಸಕೋಶದ ಮಾದರಿಗಳಲ್ಲಿ ಇಯೊಸಿನೊಫಿಲ್ ರಾಶಿ ಸೇರಿದರೂ ಗ್ರಾನ್ಯೂಲ್ ಬಿಡುಗಡೆ ಮಾನವನಷ್ಟು ಕಾಣುವುದಿಲ್ಲ. ಎಣಿಕೆ ಹೆಚ್ಚಾದದ್ದನ್ನೇ ಬಿಡುಗಡೆ ಎಂದು ಬರೆದಿರುವುದು ಆಗಾಗ ಕಣ್ಣಿಗೆ ಬೀಳುತ್ತದೆ.

ಉತ್ತರ: ಅಂಟುಮೇಲ್ಮೈ

ಶುದ್ಧತೆ ಬಗ್ಗೆ ಬಿಟ್ಟುಹೋದದ್ದು: ಬೇರ್ಪಡಿಸುವಾಗ ನ್ಯೂಟ್ರೊಫಿಲ್‌ಗಳು ಎಚ್ಚೆತ್ತರೆ ತಮ್ಮ ಸಿಡಿ16 ಅನ್ನು ಉದುರಿಸಿಕೊಳ್ಳುತ್ತವೆ. ಆಗ ಸಿಡಿ16 ಬೀಡ್‌ಗಳು ಅವನ್ನು ಹಿಡಿಯಲಾರವು, ಅವು ಇಯೊಸಿನೊಫಿಲ್ ಜೊತೆಗೇ ಕಾಲಂ ದಾಟುತ್ತವೆ. ಅದೇ ಸಿಡಿ16 ಬಳಸಿ ಫ್ಲೋದಲ್ಲಿ ಶುದ್ಧತೆ ನೋಡಿದರೂ ಅವು ಕಾಣವು. ಕೆಂಪುಕಣ ಒಡೆಯುವ ಹೈಪೊಟೋನಿಕ್ ಹಂತವನ್ನು 30 ಸೆಕೆಂಡ್ ಮೀರಿಸದಿರಿ, ಶುದ್ಧತೆಯನ್ನು ಸೈಟೊಸ್ಪಿನ್ ಸ್ಲೈಡ್‌ಗೆ ಬಣ್ಣ ಹಾಕಿ ಕಣ್ಣಿಂದಲೇ 300 ಕೋಶ ಎಣಿಸಿ ಖಚಿತಪಡಿಸಿಕೊಳ್ಳಿ. ಹೊಸ ಪ್ಲೇಟ್ ಓಡಿಸಿದ ಮೇಲೆ ಆಲ್ಬುಮಿನ್ ಸಾಲು ಮತ್ತು ಐಜಿಎ ಸಾಲಿನ ಶೇಕಡಾ ಅಂಕಿಗಳನ್ನು ಎಲ್‌ಡಿಎಚ್ ಸಮೇತ ಇಲ್ಲಿ ಹಾಕಿ. ಐಜಿಎ ಸಾಲೂ ಚಪ್ಪಟೆಯಾಗಿದ್ದರೆ ಮುಂದೆ ನೋಡಬೇಕಾದದ್ದು ಎಲೈಜಾ ಕಿಟ್, ಕೋಶ ಅಲ್ಲ.